ಹೆಂಚು ಕೈಯಾಡಿಸ್ರೀ ಸ್ವಾಮಿ!

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡೋಣ ಅಂತಿದ್ದೆ. ಬೆಳಗ್ಗೆ ಕಾಫಿ ಕುಡೀತಾ ಕಾಮೆಂಟ್ ನೋಡ್ದೆ. ಕಾಫಿ ಆರಿಹೋಯ್ತು, ನಾನು ಬಿಸಿಯಾದೆ. ಹೋದ ವಾರ ಮೈಸೂರಿನ ನಮ್ಮ ಮೊಹಲ್ಲಾದ ಸರ್ಕಾರಿ ಶಾಲೆ ತೋರಿಸಿದ್ನಲ್ಲ, ಮಹಾರಾಜರ ಕಾಲದ ಕಟ್ಟಡ, ಅದರ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಸಾರ್, ಕಟ್ಟಡಕ್ಕೆ ವಯಸ್ಸಾಗಿದೆ, ಕೆಡವಿ ಹೊಸದು ಕಟ್ಲಿ ಬಿಡಿ."

ವಯಸ್ಸಾಗಿದೆಯಂತೆ! ಕಟ್ಟಡಕ್ಕೇನು ಮಂಡಿನೋವು ಬಂದಿದ್ಯಾ? ಸ್ವಾಮಿ, ಕಟ್ಟಡ ವಯಸ್ಸಾಗಿ ಬೀಳಲ್ಲ, ನೀರು ಕುಡಿದು ಬೀಳುತ್ತೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸ್ಲಿಲ್ಲ, ಅಂದ್ರೆ ಒಡೆದಿದ್ದನ್ನ ಬದಲಾಯಿಸಿ, ಜಾರಿದ್ದನ್ನ ಸರಿಯಾಗಿ ಕೂರಿಸ್ಲಿಲ್ಲ, ಅಷ್ಟೇ ಅದರ ಕಾಯಿಲೆ.

ಆ ಶಾಲೆ ಮೂರನೇ ಕ್ಲಾಸಿನ ಕೋಣೆಯಲ್ಲಿ ಒಂದೇ ಒಂದು ಹೆಂಚು ಒಡೆದಿದೆ. ನಾನೇ ನೋಡ್ದೆ. ಕೆಳಗೆ ಒಂದು ನೀಲಿ ಬಕೆಟ್ಟು. ಮೇಷ್ಟ್ರು ಬೆಂಚುಗಳನ್ನೆಲ್ಲ ಬಾಗಿಲ ಕಡೆಗೆ ಎಳೆದಿದ್ದಾರೆ, ಮಕ್ಕಳು ಮಗ್ಗಿ ಹೇಳ್ತಿದಾರೆ, ಎರಡೊಂದ್ಲ ಎರಡು ಟಪ್, ಎರಡೆರಡ್ಲ ನಾಲ್ಕು ಟಪ್. ಆ ಟಪ್ ಮೊದಲು ಹೆಂಚು ಕೂರಿಸೋ ಮರದ ಪಟ್ಟಿಗೆ, ಅಂದ್ರೆ ರೀಪಿಗೆ ಇಳಿಯುತ್ತೆ, ರೀಪಿಂದ ತೊಲೆಗೆ. ತೊಲೆ ಎಲ್ಲಿ ಗೋಡೆಯೊಳಗೆ ಕೂತಿದ್ಯೋ ಆ ತುದಿ ಒಳಗೊಳಗೇ ಕೊಳೆಯುತ್ತೆ. ಹೊರಗೆ ಕಾಣಲ್ಲ. ಒಂದು ದಿನ ತೊಲೆ ಜಾರಿದಾಗ ಇಂಜಿನಿಯರ್ ಬಂದು "ಶಿಥಿಲ" ಅಂತ ಬರೀತಾರೆ. ಒಂದು ಹೆಂಚು ಕಣ್ರೀ! ಮಂಗಳೂರಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿಗಳು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ರು. ಆ ಹೆಂಚಿನ ಗುಣವೇ ಅದು: ಒಡೆದಿದ್ದನ್ನ ತೆಗಿ, ಹೊಸದನ್ನ ಸಿಕ್ಕಿಸು. ಟೆಂಡರ್ ಬೇಡ, ಏಣಿ ಸಾಕು.

ಇನ್ನು ಗೋಡೆ. ಹಳೇ ಗೋಡೆ ಸುಣ್ಣದ ಗಾರೆ. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಅರೆದು ಮಾಡ್ತಿದ್ದ ಗಾರೆ. ನೆನೆದ್ರೂ ಬಿಸಿಲಿಗೆ ಒಣಗುತ್ತೆ. ಅದಕ್ಕೆ ನಮ್ಮೋರು ಸಿಮೆಂಟ್ ಮೆತ್ತಿ, ಮೇಲೆ ಆಯಿಲ್ ಪೇಂಟ್ ಬಳಿದು "ರಿಪೇರಿ" ಅಂತಾರೆ. ಒಳಗಿನ ತೇವ ಎಲ್ಲಿಗೆ ಹೋಗ್ಬೇಕು? ಮಳೇಲಿ ರೇನ್‌ಕೋಟ್ ಹಾಕ್ಕೊಂಡು ಬೆವೆತಂಗೆ ಅದು. (ರೇನ್‌ಕೋಟ್ ಅಂದೆ, ನಮ್ಮ ಚಾನೆಲ್ಲಿನ ಛತ್ರಿ ಇನ್ನೂ ಹನ್ನೆರಡು ಉಳಿದಿದೆ. ಲಿಂಕ್ ಕೆಳಗಿದೆ. ಸೋರಲ್ಲ.)

"ಮಕ್ಕಳ ಜೀವ ಮುಖ್ಯ ಸಾರ್" ಅಂತ ಇನ್ನೊಬ್ರು. ಅಲ್ವೇ ಮತ್ತೆ? ನಾನೇನು ಮಕ್ಕಳ ವಿರೋಧಿನಾ? ನಮ್ಮ ಮೈಸೂರಿನದೇ ಹಳೇ ಲ್ಯಾನ್ಸ್‌ಡೌನ್ ಕಟ್ಟಡ 2012ರ ಆಗಸ್ಟಲ್ಲಿ ಕುಸಿದು ನಾಲ್ಕು ಜನ ಹೋದ್ರು. 2016ರ ಆಗಸ್ಟಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಭಾಗ ಬಿತ್ತು, 2022ರ ಅಕ್ಟೋಬರಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಒಂದು ಭಾಗ. ತಿಂಗಳು ನೋಡ್ರೀ. ಆಗಸ್ಟು, ಆಗಸ್ಟು, ಅಕ್ಟೋಬರು. ಚಳಿಗಾಲದಲ್ಲಿ ಯಾಕೆ ಬೀಳಲ್ಲ? ಸಂಕ್ರಾಂತಿಗೆ ವಯಸ್ಸು ಕಮ್ಮಿ ಆಗುತ್ತಾ? ನೀರು ಸ್ವಾಮಿ, ನೀರು!

ಇಲ್ಲೇ ನಾರಾಯಣಶಾಸ್ತ್ರಿ ರಸ್ತೇಲಿದ್ದ ಹಳೇ ಸರ್ಕಾರಿ ಶಾಲೆ, ಎನ್.ಟಿ.ಎಂ. ಶಾಲೆ ನೆನಪಿದ್ಯಾ? ಪಕ್ಕದಲ್ಲೇ ನಿರಂಜನ ಮಠ, 1892ರಲ್ಲಿ ವಿವೇಕಾನಂದರು ಇಳ್ಕೊಂಡಿದ್ದು ಅಲ್ಲೇ ಅಂತ ಅವರ ಸ್ಮಾರಕಕ್ಕೆ ಶಾಲೆ ಜಾಗ ಕೇಳಿದ್ರು. ಊರಲ್ಲಿ ವರ್ಷಗಟ್ಟಲೆ ಜಗಳ, ಧರಣಿ, ಕೋರ್ಟು. ಸ್ಮಾರಕನೂ ಇರ್ಲಿ ಶಾಲೆನೂ ಇರ್ಲಿ ಅಂದೋರಿದ್ರು. 2022ರ ಫೆಬ್ರವರೀಲಿ ಶಾಲೆ ನೆಲಸಮ. ಅದಕ್ಕೂ ಹೆಂಚಿಗೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. ಇದೆ ಬಿಡಿ. ಸೋರೋ ಶಾಲೆಗೆ ಯಾರು ಮಕ್ಕಳನ್ನ ಕಳಿಸ್ತಾರೆ? ಮಕ್ಕಳು ಕಮ್ಮಿ ಆದ್ಮೇಲೆ ಆ ಜಾಗ ಎಲ್ಲರ ಕಣ್ಣಿಗೂ ಖಾಲಿ ಸೈಟ್ ಥರಾನೇ ಕಾಣೋದು.

"ನಿಮ್ಮ ಮಗಳನ್ನ ಆ ಶಾಲೆಗೆ ಸೇರಿಸ್ತೀರಾ?" ಅಂತ ಒಬ್ಬ. ನೂರಾ ಎಂಟು ಲೈಕ್ ಬೇರೆ! ಅದು... ಅದು ಬೇರೆ ವಿಷಯ. ವ್ಯಾನ್ ಮನೆ ಮುಂದೇನೇ ಬರುತ್ತೆ, ಅವರಮ್ಮ ಆಗ್ಲೇ ಫೀಸ್ ಕಟ್ಟಿದ್ರು. ಇಲ್ಲಿ ಮಾತಾಡ್ತಿರೋದು ಹೆಂಚಿನ ಬಗ್ಗೆ. ಹೆಂಚಿಗೆ ಬನ್ರೀ!

ಇನ್ನೂ ಮೂರು ಕಾರಣ ಬರ್ಕೊಂಡಿದ್ದೆ, ಆ ಚೀಟಿ ಎಲ್ಲೋ ಹೋಯ್ತು. ಪರವಾಗಿಲ್ಲ. ಏಣಿ ಹಾಕಿ, ಹತ್ತಿ, ಕೈಯಾಡಿಸಿ. ಪ್ಯಾರಾಪೆಟ್ಟಲ್ಲಿ ಅರಳಿ ಸಸಿ ಬೆಳೆದಿದೆ, ಕಿತ್ತುಹಾಕಿ. ಪೈಪಲ್ಲಿ ಟೆನ್ನಿಸ್ ಬಾಲ್ ಸಿಕ್ಕೊಂಡಿದೆ, ಅದನ್ನ ತೆಗೆದು ಹುಡುಗರಿಗೆ ಕೊಡಿ. ಕೊಡ್ದೇ ಇದ್ರೆ ಅವ್ರೇ ಹತ್ತುತಾರೆ, ಇನ್ನೆರಡು ಹೆಂಚು ಹೋಗುತ್ತೆ.

ನಿಮ್ಮ ಶಾಲೆ ಎಲ್ಲಿ ಸೋರ್ತಿತ್ತು ಅಂತ ಕೆಳಗೆ ಬರೀರಿ. ಗಂಟೆ ಒತ್ತಿ. ಮುಂದಿನ ವಾರ ಮಸಾಲೆ ದೋಸೆಗೆ ಸಾಗು ಹಾಕೋದು ಸರೀನಾ ಅಂತ ಮಾತಾಡ್ತೀನಿ, ಅಲ್ಲೂ ಯಾರೋ ಒಬ್ಬ ಬರೆದಿದ್ದಾನೆ. ಛತ್ರಿ ಹನ್ನೆರಡೇ ಇರೋದು, ಮರೀಬೇಡಿ.