ಬೇಕೆಂದೇ ಸೋಲಬೇಡಿ

ನಮಸ್ಕಾರ. ಮಕ್ಕಳ ಜೊತೆ ಆಡುವಾಗ ದೊಡ್ಡವರು ಬೇಕೆಂದೇ ಸೋಲುವುದನ್ನು ನಿಲ್ಲಿಸಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಇವತ್ತಿನ ಮಾತೆಲ್ಲ ಅದರ ಸುತ್ತಲೇ. ಆಟದ ಮಣೆಯಿಂದ ಹೊರಟರೂ ಅಲ್ಲಿಗೇ ನಿಲ್ಲುವ ಮಾತಲ್ಲ ಇದು. ಮಲಗುವ ಮುಂಚೆ ಓದಿ ಹೇಳುವ ಕಥೆಗೂ, ಒಟ್ಟಿಗೆ ಕುಳಿತು ನೋಡುವ ಸಿನಿಮಾಕ್ಕೂ ಇದು ಸಲ್ಲುತ್ತದೆ. ಮೂರೂ ಕಡೆ ನಾವು ಮಗುವಿನ ಕಣ್ಣಿಗೆ ಬೀಳದ ಹಾಗೆ ಏನನ್ನೋ ಮರೆಮಾಡುತ್ತಿರುತ್ತೇವೆ. ಒಂದು ಕಡೆ ನಮ್ಮ ಜಾಣತನ, ಇನ್ನೊಂದು ಕಡೆ ಒಂದು ಪುಟ, ಮತ್ತೊಂದು ಕಡೆ ಒಂದು ದೃಶ್ಯ.

ಈಚೆಗೆ ಮನೆಗೆ ಬಂದಿದ್ದ ನನ್ನ ತಮ್ಮ ನನ್ನ ಮಗಳ ಜೊತೆ ಚದುರಂಗಕ್ಕೆ ಕುಳಿತ. ಅವಳಿಗೆ ಒಂಬತ್ತು ವರ್ಷ. ಆಟ ಅರ್ಧಕ್ಕೆ ಬಂದಾಗ ಅವಳ ರಾಣಿ ಅವನ ಆನೆಯ ನೇರಕ್ಕೆ ಬಂದು ನಿಂತಿತು. ನಡುವೆ ಒಂದು ಕಾಯಿಯೂ ಇರಲಿಲ್ಲ. ಅವನ ಬೆರಳು ಆನೆಯ ತಲೆಯವರೆಗೆ ಹೋಯಿತು, ಅಲ್ಲಿಂದ ಸರಿಯಿತು, ಮೂಲೆಯ ಕಾಲಾಳೊಂದನ್ನು ಒಂದು ಮನೆ ಮುಂದೆ ತಳ್ಳಿತು. ಮಗಳು ಮಣೆ ಬಿಟ್ಟು ಅವನ ಮುಖ ನೋಡಿದಳು. "ಮಾವಾ, ನನ್ನ ರಾಣಿಯನ್ನು ಯಾಕೆ ಹೊಡೆಯಲಿಲ್ಲ?" ಎಂದು ಕೇಳಿದಳು. "ಅಯ್ಯೋ, ಕಾಣಲೇ ಇಲ್ಲ ಪುಟ್ಟಿ" ಎಂದ. ಆಮೇಲೆ ಅವಳೇ ಗೆದ್ದಳು. ಗೆದ್ದವಳು ಕಾಯಿಗಳನ್ನು ಡಬ್ಬಿಗೆ ತುಂಬಿಟ್ಟು ಎದ್ದು ಹೋದಳು. ಇನ್ನೊಂದು ಆಟ ಆಡೋಣವೆಂದು ಕೇಳಲಿಲ್ಲ.

ತಮ್ಮನ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಆ ಕ್ಷಣದಿಂದ ಅವಳ ಗಮನ ಎಲ್ಲಿಗೆ ಹೋಯಿತು ನೋಡಿ. ಯಾವ ಕಾಯಿ ಎಲ್ಲಿದೆ, ಮುಂದೇನು ಎಂದು ಲೆಕ್ಕ ಹಾಕಬೇಕಾದ ಮಗು ಎದುರಿಗಿರುವ ದೊಡ್ಡವರ ಮನಸ್ಸನ್ನು ಲೆಕ್ಕ ಹಾಕತೊಡಗಿತು. ಇವರು ನಿಜವಾಗಿ ಆಡುತ್ತಿದ್ದಾರೆಯೇ, ನನ್ನನ್ನು ಸಂಭಾಳಿಸುತ್ತಿದ್ದಾರೆಯೇ? ಒಮ್ಮೆ ಈ ಪ್ರಶ್ನೆ ಹುಟ್ಟಿದರೆ ಮುಂದಿನ ನಿಜವಾದ ಗೆಲುವಿಗೂ ಬೆಲೆ ಉಳಿಯುವುದಿಲ್ಲ. ಮಗು ಕಷ್ಟಪಟ್ಟು ಗಳಿಸಿದ್ದನ್ನೂ ಯಾರೋ ದಯಪಾಲಿಸಿದ್ದು ಎಂದುಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ನಷ್ಟ ನನಗೆ ಕಾಣುತ್ತಿಲ್ಲ.

ಹಾಗಾದರೆ ನಲವತ್ತು ವರ್ಷದವರು ಒಂಬತ್ತು ವರ್ಷದ ಮಗುವನ್ನು ಪ್ರತಿ ಸಲವೂ ಸೋಲಿಸಿ ಕೂರಿಸಬೇಕೇ ಎಂದು ನೀವು ಕೇಳಬಹುದು. ಬೇಡವೇ ಬೇಡ. ಬಲಾಬಲದ ಅಂತರವನ್ನು ತುಂಬುವ ಮರ್ಯಾದೆಯ ದಾರಿಗಳನ್ನು ಆಟಗಳೇ ಬಹಳ ಹಿಂದೆ ಕಂಡುಕೊಂಡಿವೆ. ಚದುರಂಗದಲ್ಲಿ ಬಲಶಾಲಿ ಆಟಗಾರರು ತಮ್ಮ ರಾಣಿಯನ್ನೋ ಆನೆಯನ್ನೋ ಆಟ ಶುರುವಾಗುವ ಮೊದಲೇ ಮಣೆಯಿಂದ ತೆಗೆದಿಟ್ಟು ಆಡುವ ಪದ್ಧತಿ ಹಳೆಯದು. ಕಪ್ಪು, ಬಿಳಿ ಕಲ್ಲುಗಳನ್ನಿಟ್ಟು ಜಾಗ ಸುತ್ತುವರಿಯುವ ಪೂರ್ವ ಏಷ್ಯಾದ ಗೋ ಆಟದಲ್ಲಂತೂ ಇದು ಆಟದ ಅಂಗವೇ ಆಗಿದೆ. ದುರ್ಬಲ ಆಟಗಾರ ಕಪ್ಪು ಕಲ್ಲು ಹಿಡಿದು, ಮಣೆಯ ಮೇಲೆ ಚುಕ್ಕೆ ಇಟ್ಟು ಗುರುತು ಮಾಡಿದ ಜಾಗಗಳಲ್ಲಿ ಎರಡರಿಂದ ಒಂಬತ್ತು ಕಲ್ಲುಗಳನ್ನು ಮೊದಲೇ ಇಟ್ಟುಕೊಳ್ಳುತ್ತಾನೆ. ಆಮೇಲೆ ಇಬ್ಬರೂ ಪೂರ್ತಿ ಶಕ್ತಿ ಹಾಕಿ ಆಡುತ್ತಾರೆ. ಇದರಲ್ಲಿ ಯಾರಿಗೂ ಅವಮಾನವಿಲ್ಲ, ಗುಟ್ಟೂ ಇಲ್ಲ.

ನಾವು ಗೋ ಆಡುವುದು 9 ಗೆರೆ ಅಡ್ಡ, 9 ಗೆರೆ ಉದ್ದದ ಸಣ್ಣ ಮಣೆಯಲ್ಲಿ. ಪೂರ್ಣ ಮಣೆ 19 ಗೆರೆಗಳದು, ಕಲ್ಲಿಡಲು 361 ಜಾಗ. ಮಗುವಿಗೆ ಅದು ಸಮುದ್ರ. ಸಣ್ಣ ಮಣೆಯಲ್ಲಿ ನಾಲ್ಕು ಮೂಲೆಗಳ ಹತ್ತಿರ ನಾಲ್ಕು ಕಲ್ಲು ಇಟ್ಟುಕೊಂಡು ಮಗಳು ಶುರುಮಾಡಿದಳು. ಸೋತಾಗ ಎಲ್ಲಿ ಸೋತಳು ಎಂದು ಇಬ್ಬರೂ ನೋಡುತ್ತಿದ್ದೆವು. ನನ್ನ ಬಿಳಿ ಕಲ್ಲುಗಳು ಒಳಗೆ ನುಗ್ಗಿದಾಗ ಅವಳು ಹೆದರಿ ತನ್ನ ಕಲ್ಲುಗಳ ಪಕ್ಕಕ್ಕೇ ಇನ್ನೊಂದು ಇಟ್ಟು ಗೋಡೆ ಕಟ್ಟುತ್ತಿದ್ದಳು. ಕ್ರಮೇಣ ಗೋಡೆ ಕಟ್ಟುವುದು ಬಿಟ್ಟು ನನ್ನ ಕಲ್ಲುಗಳನ್ನು ಸುತ್ತುವರಿದು ಉಸಿರು ಕಟ್ಟಿಸಲು ಕಲಿತಳು, ಗೆಲ್ಲಲು ಶುರುಮಾಡಿದಳು. ಈಗ ಮೂರು ಕಲ್ಲು ಇಟ್ಟುಕೊಳ್ಳುತ್ತಾಳೆ. ನಾಲ್ಕು ಮೂರಾದದ್ದು ಅವಳು ಬೆಳೆದಳೆಂಬುದಕ್ಕೆ ಮಣೆಯೇ ಕೊಟ್ಟ ಸಾಕ್ಷಿ. ನಾನು ಬಾಯಿ ತುಂಬ ಹೊಗಳಿದ್ದರೂ ಅದು ಸಿಗುತ್ತಿರಲಿಲ್ಲ.

ಐದು ವರ್ಷದ ಮಗನಿಗೆ ಇದು ಯಾವುದೂ ಆಗಿಬರುವುದಿಲ್ಲ. ಅವನಿಗೆ ಹಾವು ಏಣಿ ಆಟವೇ ಸರಿ. ಅದರಲ್ಲಿ ಆಡುವವರು ತೀರ್ಮಾನಿಸಬೇಕಾದದ್ದು ಒಂದೂ ಇಲ್ಲ, ಎಲ್ಲವೂ ದಾಳದ ಕೈಯಲ್ಲಿ. ಆಟ ಬಲ್ಲವರು ಅದನ್ನು ತೀರಾ ಪೇಲವ ಎಂದು ತಳ್ಳಿಹಾಕುವುದುಂಟು. ನಾನು ಒಪ್ಪುವುದಿಲ್ಲ. ಐದು ವರ್ಷದ ಮಗು ಮತ್ತು ಅಮ್ಮ ಅಕ್ಷರಶಃ ಸಮಾನರಾಗುವ ಜಾಗಗಳು ಲೋಕದಲ್ಲಿ ಎಷ್ಟಿವೆ? 98ರ ಮನೆಯಿಂದ ಹಾವಿನ ಬಾಯಿಗೆ ಬಿದ್ದು ನಾನು ಕೆಳಗೆ ಬಂದಾಗ ನನಗಾಗುವ ನಿರಾಸೆ ನಿಜ, ಅವನಿಗಾಗುವ ಸಂತೋಷವೂ ನಿಜ. ಜೋಡಿ ಚಿತ್ರಗಳನ್ನು ನೆನಪಿನಿಂದ ಹುಡುಕುವ ಚೀಟಿ ಆಟದಲ್ಲಂತೂ ಅವನು ನನ್ನನ್ನು ನ್ಯಾಯವಾಗಿಯೇ ಸೋಲಿಸುತ್ತಾನೆ.

ಇನ್ನು ಎಲ್ಲರೂ ಒಂದೇ ಪಕ್ಷವಾಗಿ ಆಡುವ ಆಟಗಳು. ನನ್ನ ಹೆಚ್ಚಿನ ಪ್ರೀತಿ ಇವುಗಳ ಮೇಲೆ. ಜರ್ಮನಿಯ ಹಾಬಾ ಸಂಸ್ಥೆ 1986ರಲ್ಲಿ ತಂದ ಆರ್ಚರ್ಡ್ ಎಂಬ ಆಟದಲ್ಲಿ ನಾಲ್ಕು ಮರಗಳ ಹಣ್ಣುಗಳನ್ನೆಲ್ಲ ಮಕ್ಕಳು ಸೇರಿ ಬುಟ್ಟಿಗೆ ತುಂಬಬೇಕು. ದಾಳದಲ್ಲಿ ಕಾಗೆ ಬಿದ್ದಾಗಲೆಲ್ಲ ಕಾಗೆಯ ಚಿತ್ರಕ್ಕೆ ಒಂದು ತುಂಡು ಸೇರುತ್ತದೆ. ಚಿತ್ರ ಮೊದಲು ಪೂರ್ತಿಯಾದರೆ ಕಾಗೆ ಗೆದ್ದ ಹಾಗೆ. ಐದು ವರ್ಷದವನು ಇಲ್ಲಿ ಸೋಲುತ್ತಾನೆ, ಆದರೆ ಒಬ್ಬನೇ ಸೋಲುವುದಿಲ್ಲ. ಸೋಲನ್ನು ಮೊದಲ ಸಲ ಪರಿಚಯಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ದೊಡ್ಡವಳೊಡನೆ ಪ್ಯಾಂಡೆಮಿಕ್ ಆಡುತ್ತೇವೆ. ಮ್ಯಾಟ್ ಲೀಕಾಕ್ ರೂಪಿಸಿ 2008ರಲ್ಲಿ ಹೊರಬಂದ ಆಟ. ಭೂಪಟದ 48 ನಗರಗಳಲ್ಲಿ ನಾಲ್ಕು ಬಣ್ಣದ ನಾಲ್ಕು ರೋಗಗಳು ಹರಡುತ್ತಿರುತ್ತವೆ. ಒಂದು ನಗರದಲ್ಲಿ ರೋಗ ಸೂಚಿಸುವ ಒಂದೇ ಬಣ್ಣದ ಮೂರು ಘನಗಳಿದ್ದು ನಾಲ್ಕನೆಯದು ಬರಬೇಕಾದರೆ ಅದು ಸಿಡಿದು ಸುತ್ತಲಿನ ನಗರಗಳಿಗೆಲ್ಲ ಚೆಲ್ಲುತ್ತದೆ. ಗೆಲ್ಲಲು ಒಂದೇ ದಾರಿ, ನಾಲ್ಕೂ ರೋಗಗಳಿಗೆ ಮದ್ದು ಕಂಡುಹಿಡಿಯುವುದು. ಸೋಲಲು ಮೂರು ದಾರಿ: ಎಂಟು ಸಲ ಸಿಡಿದರೆ, ಯಾವುದಾದರೂ ಬಣ್ಣದ ಘನಗಳು ಮುಗಿದರೆ, ಎಲೆಗಳ ಕಟ್ಟು ಖಾಲಿಯಾದರೆ. ಆಟ ಸುಲಭವಾಗಬೇಕೆ, ಕಠಿಣವಾಗಬೇಕೆ ಎಂಬುದನ್ನು ಶುರುವಿನಲ್ಲಿಯೇ ಎಲ್ಲರ ಎದುರಿಗೆ ನಿರ್ಧರಿಸುತ್ತೇವೆ. ಕಟ್ಟಿನೊಳಗೆ ಸಾಂಕ್ರಾಮಿಕದ ಎಲೆಗಳು ನಾಲ್ಕೋ, ಐದೋ, ಆರೋ ಎಂದು ಆರಿಸಿಕೊಳ್ಳಬಹುದು. ಒಮ್ಮೆ ಕಟ್ಟು ಕಲಸಿಟ್ಟ ಮೇಲೆ ಯಾರಿಗೂ ಕರುಣೆಯಿಲ್ಲ. ಸುಲಭ ಮಾಡುವುದಕ್ಕೆ ನನ್ನ ವಿರೋಧವಿಲ್ಲ, ಕದ್ದು ಸುಲಭ ಮಾಡುವುದಕ್ಕೆ ಮಾತ್ರ ವಿರೋಧ.

ಆದರೆ ಈ ಬಗೆಯ ಆಟಗಳಲ್ಲಿ ದೊಡ್ಡವರು ಮಾಡುವ ಇನ್ನೊಂದು ಅನ್ಯಾಯವಿದೆ. ಎಲ್ಲರ ಪರವಾಗಿಯೂ ತಾವೇ ಯೋಚಿಸಿಬಿಡುವುದು. "ನೀನು ಅಲ್ಲಿಗೆ ಹೋಗು, ಈ ಎಲೆ ಅವಳಿಗೆ ಕೊಡು, ಆಮೇಲೆ ಆ ಘನ ತೆಗೆ" ಎಂದು ಹೇಳುತ್ತಾ ಹೋದರೆ ಮಗು ಕಾಯಿ ಸರಿಸುವ ಕೈ ಮಾತ್ರವಾಗುತ್ತದೆ. ಇದಕ್ಕೆ ಅಚ್ಚುಕಟ್ಟಾದ ಮದ್ದು ಹನಾಬಿ ಎಂಬ ಸಣ್ಣ ಎಲೆಯಾಟದಲ್ಲಿದೆ. ಆಂಟ್ವಾನ್ ಬೌಝಾ ರೂಪಿಸಿದ ಈ ಆಟಕ್ಕೆ 2013ರಲ್ಲಿ ಜರ್ಮನಿಯ ಪ್ರತಿಷ್ಠಿತ ವರ್ಷದ ಆಟ ಪ್ರಶಸ್ತಿ ಬಂತು. ಇದರಲ್ಲಿ ನಮ್ಮ ಎಲೆಗಳನ್ನು ನಾವು ನೋಡುವ ಹಾಗಿಲ್ಲ, ಮುಖ ಹೊರಗೆ ಮಾಡಿ ಹಿಡಿಯಬೇಕು. ನನ್ನ ಕೈಯಲ್ಲಿ ಏನಿದೆ ಎಂಬುದು ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಕಾಣುತ್ತದೆ. ಸುಳಿವು ಕೊಡಬೇಕೆಂದರೆ ಬಣ್ಣವನ್ನೋ ಅಂಕಿಯನ್ನೋ ಮಾತ್ರ ಹೇಳಬಹುದು, ಅದಕ್ಕೂ ಸುಳಿವಿಗೊಂದರಂತೆ ಬಿಲ್ಲೆ ತೆರಬೇಕು, ಇರುವುದು ಎಂಟೇ ಬಿಲ್ಲೆಗಳು. ಅಪ್ಪಣೆ ಕೊಡಲು ದೊಡ್ಡವರಿಗೆ ಜಾಗವೇ ಇಲ್ಲ. "ಅಮ್ಮಾ, ಇದು ಮತ್ತು ಇದು, ಎರಡೂ ಕೆಂಪು" ಎಂದು ಮಗಳು ನನ್ನ ಎಲೆಗಳನ್ನು ಮುಟ್ಟಿ ತೋರಿಸುವಾಗ ಆ ಸುಳಿವನ್ನು ಯಾಕೆ ಈಗಲೇ ಕೊಟ್ಟಳು ಎಂದು ನಾನು ಅವಳ ತಲೆಯೊಳಗೆ ಇಳಿದು ಯೋಚಿಸಬೇಕು. ಒಂಬತ್ತು ವರ್ಷದವಳ ವಿಚಾರಶಕ್ತಿಯನ್ನು ನಂಬದೆ ಈ ಆಟದಲ್ಲಿ ಒಂದು ಹೆಜ್ಜೆ ಇಡಲಾಗುವುದಿಲ್ಲ.

ಕರುಣೆ ತೋರಲು ಹೋಗಿ ಆಟವೇ ಹಾಳಾಗುವುದಕ್ಕೆ ಆಸ್ತಿ ಕೊಂಡು ಎದುರಾಳಿಗಳನ್ನು ದಿವಾಳಿ ಮಾಡುವ ಮೊನೊಪೊಲಿ ಆಟಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಅಚ್ಚಾದ ನಿಯಮದ ಪ್ರಕಾರ, ಕಾಲಿಟ್ಟ ಆಸ್ತಿಯನ್ನು ಆಟಗಾರ ಕೊಳ್ಳದಿದ್ದರೆ ಬ್ಯಾಂಕು ಅದನ್ನು ಕೂಡಲೇ ಹರಾಜು ಹಾಕಬೇಕು. ಬಹಳ ಮನೆಗಳಲ್ಲಿ ಈ ಹರಾಜು ನಡೆಯುವುದೇ ಇಲ್ಲ. ಜೊತೆಗೆ ದಂಡದ ಹಣವನ್ನೆಲ್ಲ ನಡುವೆ ಗುಡ್ಡೆ ಹಾಕಿ, ಮಣೆಯ ಉಚಿತ ಪಾರ್ಕಿಂಗ್ ಎಂಬ ಚೌಕಕ್ಕೆ ಬಂದವರಿಗೆ ಕೊಡುವ ರೂಢಿ. ಪಾಪ, ಸೋಲುತ್ತಿರುವವರಿಗೂ ನಾಲ್ಕು ಕಾಸು ಸಿಗಲಿ ಎಂಬ ಒಳ್ಳೆಯ ಮನಸ್ಸೇ ಇರಬಹುದು. ಫಲ ಏನೆಂದರೆ, ದಿವಾಳಿಯಾಗಬೇಕಾದವರು ಆಗುವುದಿಲ್ಲ, ಆಟ ಗಂಟೆಗಟ್ಟಲೆ ಎಳೆಯುತ್ತದೆ, ಮಕ್ಕಳು ಸುಸ್ತಾಗಿ ಜಗಳಕ್ಕೆ ನಿಲ್ಲುತ್ತಾರೆ. ನಿಯಮ ಪುಸ್ತಿಕೆಯಲ್ಲಿರುವಂತೆ ಒಮ್ಮೆ ಆಡಿ ನೋಡಿ.

ಸೋತು ಅಳುವ ಮಗುವಿನ ಮಾತೇನು? ಅಳಲಿ. ಪಕ್ಕದಲ್ಲಿ ಕೂರಬೇಕು, "ಬೇಜಾರಾಯಿತಲ್ಲವೇ" ಎಂದು ಕೇಳಬೇಕು, ಅಷ್ಟೇ. ಹತ್ತು ನಿಮಿಷದಲ್ಲಿ ಮುಗಿಯುವ ಆಟಗಳನ್ನೇ ಆರಿಸಿಕೊಂಡರೆ ಇನ್ನೊಂದು ಸುತ್ತು ಆಡಲು ಹೊತ್ತಿರುತ್ತದೆ.

ಓದಿನ ವಿಷಯಕ್ಕೆ ಬರುತ್ತೇನೆ. ಗಟ್ಟಿಯಾಗಿ ಓದಿ ಹೇಳುವಾಗ ಕಷ್ಟದ ಶಬ್ದ ಬಂದರೆ ಸುಲಭದ್ದನ್ನು ಹಾಕಿ ದಾಟಿಸುವುದು, ಸಾವು ಬಂದರೆ ಪುಟ ಹಾರಿಸುವುದು, ಇವು ದಿನವೂ ನಡೆಯುತ್ತವೆ. ಕಷ್ಟದ ಶಬ್ದವನ್ನು ನಾನು ಹಾಗೆಯೇ ಓದುತ್ತೇನೆ. ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಮುಂದೆ ಹೋಗುತ್ತೇನೆ. ಸುತ್ತಲಿನ ಮಾತುಗಳಿಂದ ಅರ್ಥ ಹಿಡಿಯುವ ಶಕ್ತಿ ಮಕ್ಕಳಿಗಿದೆ. ನಾವೆಲ್ಲ ಮಾತು ಕಲಿತದ್ದೇ ಹಾಗೆ.

ಸಾವಿನ ಪುಟ ಹಾಗೆ ದಾಟುವಂಥದ್ದಲ್ಲ. ಅಮೆರಿಕದ ಲೇಖಕ ಇ. ಬಿ. ವೈಟ್ 1952ರಲ್ಲಿ ಪ್ರಕಟಿಸಿದ 'ಷಾರ್ಲಟ್ಸ್ ವೆಬ್' ಕಾದಂಬರಿಯಲ್ಲಿ ಹಂದಿಮರಿಯ ಜೀವ ಉಳಿಸಿದ ಜೇಡ ಕೊನೆಗೆ ಸಾಯುತ್ತದೆ. ವೈಟ್ ತಾವೇ ಅದನ್ನು ಓದಿ ಧ್ವನಿಮುದ್ರಿಸಲು ಕುಳಿತಾಗ ಆ ಭಾಗದಲ್ಲಿ ಗಂಟಲು ಕಟ್ಟಿ, ಮತ್ತೆ ಮತ್ತೆ ನಿಲ್ಲಿಸಿ, 17 ಸಲ ಓದಬೇಕಾಯಿತು ಎಂದು ಅವರ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಬರೆದವರೇ, ಅದು ಕಲ್ಪಿತ ಜೇಡವೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ ಅಲುಗಾಡಿದ ಜಾಗ ಅದು. ನಾವು ಅದನ್ನು ಹಾರಿಸಿದರೆ ಮಗುವಿನಿಂದ ದುಃಖವನ್ನಷ್ಟೇ ದೂರವಿಟ್ಟ ಹಾಗಾಗುವುದಿಲ್ಲ. ಆ ಹಿಂದಿನ ಅಷ್ಟೂ ಪುಟಗಳ ಸ್ನೇಹಕ್ಕೆ ತೂಕ ಬರುವುದೇ ಅಲ್ಲಿ. ಇಬ್ಬರಿಗೂ ಈಚೆಗೆ ಓದಿ ಮುಗಿಸಿದೆ. ಆ ಪುಟದಲ್ಲಿ ನನ್ನ ದನಿ ಒಡೆಯಿತು, ನಿಲ್ಲಿಸಿದೆ. ಮಗ "ಓದು ಅಮ್ಮಾ" ಎಂದ. ಮಗಳು ಮಾತಾಡಲಿಲ್ಲ. ಮರುದಿನ ಬೆಳಗ್ಗೆ ಅವಳು ಕೇಳಿದ್ದು, ಜೇಡಕ್ಕೆ ತಾನು ಸಾಯುತ್ತೇನೆಂದು ಮೊದಲೇ ಗೊತ್ತಿತ್ತಲ್ಲ, ಆದರೂ ಯಾಕೆ ಮುಂಚೆ ಹೇಳಲಿಲ್ಲ ಎಂದು. ಅದರ ಬಗ್ಗೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಪುಟ ಹಾರಿಸಿದ್ದರೆ ಆ ಮಾತುಕತೆ ಎಲ್ಲಿಂದ ಬರುತ್ತಿತ್ತು?

ಸಿನಿಮಾದಲ್ಲಿ ಅಪಾಯ ಇರುವುದು ರಿಮೋಟ್‌ನಲ್ಲಿ. ಹೆದರಿಕೆಯ ದೃಶ್ಯ ಬಂದ ಕೂಡಲೇ ಮುಂದಕ್ಕೆ ಓಡಿಸುತ್ತೇವೆ. ಡಿಸ್ನಿಯ 1942ರ 'ಬ್ಯಾಂಬಿ'ಯಲ್ಲಿ ತಾಯಿ ಜಿಂಕೆಯ ಸಾವನ್ನು ತೆರೆಯ ಮೇಲೆ ತೋರಿಸುವುದೇ ಇಲ್ಲ. ಗುಂಡಿನ ಸದ್ದು ಕೇಳುತ್ತದೆ, ಮರಿ ಓಡುತ್ತದೆ, ಆಮೇಲೆ ಹಿಮದಲ್ಲಿ ಅಮ್ಮನನ್ನು ಕೂಗುತ್ತಾ ಹುಡುಕುತ್ತದೆ. ಮಗು ತಡೆದುಕೊಳ್ಳಲಿ ಎಂದೇ ನಿರ್ದೇಶಕರು ಇಷ್ಟು ಸಂಯಮ ತೋರಿದ್ದಾರೆ ಎಂಬುದು ನನ್ನ ಓದು. ಅದರ ಮೇಲೆ ನಮ್ಮ ಕತ್ತರಿಯೂ ಬೇಕೇ? ಓಡಿಸುವ ಬದಲು ನಿಲ್ಲಿಸಿ, ಮಾತಾಡಿ, ಮತ್ತೆ ನೋಡಿ. ಮಗು ಸಾಕು ಎಂದರೆ ಪೂರ್ತಿ ಆರಿಸಿಬಿಡಿ. ಆ ತೀರ್ಮಾನ ಮಗುವಿನದು, ಅದಕ್ಕೆ ಗೊತ್ತಿದ್ದೇ ಆಗುವಂಥದ್ದು.

ಎಲ್ಲ ಸಿನಿಮಾವನ್ನೂ ಎಲ್ಲ ವಯಸ್ಸಿಗೂ ತೋರಿಸಿ ಎಂದು ನಾನು ಹೇಳುತ್ತಿಲ್ಲ. ಮಗಳು ನೋಡುವ ಕೆಲವನ್ನು ಮಗನಿಗೆ ತೋರಿಸುವುದಿಲ್ಲ. ಹಾಗೆಂದು ನಡುನಡುವೆ ಕತ್ತರಿಸಿದ ಸಿನಿಮಾವನ್ನು ಅವನ ಮುಂದಿಟ್ಟು ಇದೇ ಪೂರ್ತಿ ಎನ್ನುವುದೂ ಇಲ್ಲ. "ಇದು ನಿನಗೆ ಈಗ ಬೇಡ, ಎಂಟು ವರ್ಷವಾದ ಮೇಲೆ ನೋಡೋಣ" ಎಂದು ನೇರವಾಗಿ ಹೇಳುತ್ತೇನೆ. ಅವನಿಗೆ ಸಿಟ್ಟು ಬರುತ್ತದೆ, ಅಕ್ಕನಿಗೆ ಮಾತ್ರ ಯಾಕೆ ಎಂದು ವಾದಿಸುತ್ತಾನೆ, ಒಂದೊಂದು ಸಲ ಅವನ ವಾದದಲ್ಲಿ ಹುರುಳೂ ಇರುತ್ತದೆ. ಹೋದ ವಾರ ಹಾಗೆ ವಾದಿಸಿ ಒಂದು ಸಿನಿಮಾಕ್ಕೆ ಎಂಟನ್ನು ಏಳಕ್ಕೆ ಇಳಿಸಿಕೊಂಡಿದ್ದಾನೆ. ಒಪ್ಪಂದವನ್ನು ಮಗಳ ಕೈಯಲ್ಲಿ ಕಾಗದದ ಮೇಲೆ ಬರೆಸಿ, ನನ್ನ ಸಹಿಯನ್ನೂ ಹಾಕಿಸಿಕೊಂಡಿದ್ದಾನೆ.