ಕಡಿಮೆ ಖರ್ಚಿನಲ್ಲಿ ಕಾರಿನ ಸ್ಪ್ರಿಂಗ್ ಬದಲಿಸುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಾರು ಒಂದು ಕಡೆ ಜೋರಾಗಿ ವಾಲುತ್ತದೆ. ಹೈವೇಯಲ್ಲಿ ಲಾರಿ ಪಕ್ಕದಲ್ಲಿ ಹಾದುಹೋದರೆ ತೇಲಿದ ಹಾಗಾಗುತ್ತದೆ. ಹಂಪ್ಸ್ ದಾಟಿದ ಮೇಲೂ ಹಿಂಭಾಗ ಕುಣಿಯುತ್ತಲೇ ಇರುತ್ತದೆ. ಏಳೆಂಟು ವರ್ಷ ಓಡಿದ ಸಣ್ಣ ಕಾರು ಇಟ್ಟುಕೊಂಡವರಿಗೆ ಇದೆಲ್ಲ ಗೊತ್ತಿರುತ್ತದೆ, ಅಲ್ವಾ? ಆಗ ಯಾರೋ ಹೇಳುತ್ತಾರೆ, ಗಟ್ಟಿ ಸ್ಪ್ರಿಂಗ್ ಹಾಕಿಸಿ, ಕಾರು ರಸ್ತೆಗೆ ಅಂಟಿಕೊಂಡು ಓಡುತ್ತದೆ ಅಂತ. ಆ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧ ತಿಳಿಯದೆ ದುಡ್ಡು ಸುರಿದರೆ ಕಾರು ಮೊದಲಿಗಿಂತ ಕೆಡುತ್ತದೆ.

ಸ್ಪ್ರಿಂಗ್ ಮಾಡುವ ಕೆಲಸ ಏನು? ಕಾರಿನ ಭಾರ ಹೊರುವುದು, ಗುಂಡಿಯ ಪೆಟ್ಟು ನುಂಗುವುದು. ಆದರೆ ನುಂಗಿದ್ದನ್ನು ಅದು ವಾಪಸ್ ಕೊಟ್ಟೇ ಕೊಡುತ್ತದೆ. ಒತ್ತಿದರೆ ಪುಟಿಯುತ್ತದೆ. ಆ ಪುಟಿತವನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಹೆಸರು ಕೇಳಿ ಪೆಟ್ಟು ತಡೆಯುವುದೇ ಅದರ ಕೆಲಸ ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಒಳಗಿನ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ತಳ್ಳಿ, ಕುಣಿತದ ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ. ಈ ಎರಡೂ ಜೋಡಿಯಾಗಿಯೇ ಕೆಲಸ ಮಾಡುವ ಭಾಗಗಳು. ಕಡಿಮೆ ಬಜೆಟ್ ಇರುವವರು ಎಡವುವುದು ಇಲ್ಲೇ. ಸ್ಪ್ರಿಂಗ್ ಮಾತ್ರ ಹೊಸದು ಹಾಕಿಸಿ, ಹಳೇ ಶಾಕ್ ಹಾಗೇ ಬಿಡುತ್ತಾರೆ. ಗಟ್ಟಿ ಸ್ಪ್ರಿಂಗ್ ಜೋರಾಗಿ ಪುಟಿಯುತ್ತದೆ, ದಣಿದ ಶಾಕ್ ಅದನ್ನು ಹಿಡಿಯಲಾರದು. ಹಾಳಾದ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಏಳುತ್ತದೆ. ಮಳೆಗಾಲದಲ್ಲಿ ತಿರುವಿನ ನಡುವೆ ಹಾಗಾದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ಮಾತು ಕೇಳುವುದಿಲ್ಲ.

ಆದ್ದರಿಂದ ಮೊದಲ ಖರ್ಚು ಸ್ಪ್ರಿಂಗಿಗೆ ಬೇಡ. ಮೊದಲು ಟೈರಿನ ಗಾಳಿ ನೋಡಿ. ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಬಳಿ ಸ್ಟಿಕ್ಕರ್ ಇರುತ್ತದೆ. ಟೈರಿನ ವಯಸ್ಸೂ ನೋಡಿ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂತಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ರಬ್ಬರ್ ಗಟ್ಟಿಯಾದ ಟೈರಿಗೆ ಯಾವ ಸ್ಪ್ರಿಂಗೂ ಹಿಡಿತ ತಂದುಕೊಡದು. ಆಮೇಲೆ ಚಕ್ರದ ಬಳಿ ಇರುವ ಜೋಡಣೆಯ ಭಾಗಗಳನ್ನು ನೋಡಿಸಿ: ಲೋವರ್ ಆರ್ಮಿನ ರಬ್ಬರ್ ಬುಷ್, ಲಿಂಕ್ ರಾಡ್, ಬಾಲ್ ಜಾಯಿಂಟ್. ಇವು ಸವೆದಿದ್ದರೆ ಸ್ಟೀರಿಂಗ್ ಸಡಿಲ ಅನ್ನಿಸುತ್ತದೆ, ನಾವು ತಪ್ಪನ್ನು ಸ್ಪ್ರಿಂಗಿನ ತಲೆಗೆ ಕಟ್ಟುತ್ತೇವೆ. ಶಾಕ್ ಮೈಮೇಲೆ ಎಣ್ಣೆ ಸೋರಿದ ಗುರುತಿದ್ದರೆ ಅದರ ಕಥೆ ಮುಗಿದಿದೆ ಅಂತ ತಿಳಿಯಿರಿ.

ಸ್ಪ್ರಿಂಗ್ ಕುಸಿದಿದೆಯೋ ಇಲ್ಲವೋ ನೀವೇ ಅಳೆಯಬಹುದು. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ. ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿಯಿರಿ. ಎಡಕ್ಕೂ ಬಲಕ್ಕೂ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅನುಮಾನ ಪಡಿ. ಕೆಳಗಿನ ಸುತ್ತು ತುಕ್ಕು ಹಿಡಿದು ಮುರಿದಿರುವುದೂ ಉಂಟು. ಆ ಸುತ್ತು ಶಾಕಿಗೆ ಅಂಟಿದ ತಟ್ಟೆಯ ಮೇಲೆ ಕೂತಿರುವುದರಿಂದ ಹೊರಗಿನಿಂದ ಸುಲಭವಾಗಿ ಕಾಣುವುದಿಲ್ಲ. ಕರಾವಳಿಯವರು ಇದನ್ನು ತಪ್ಪದೆ ನೋಡಿಸಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಳೇ ಕಾರಿಗೆ ಕಂಪನಿ ಅಳತೆಯದೇ ಹೊಸ ಸ್ಪ್ರಿಂಗ್, ಹೊಸ ಶಾಕ್, ಹೊಸ ಬುಷ್ ಹಾಕಿಸುವುದೇ ಕೊಟ್ಟ ದುಡ್ಡಿಗೆ ಸಿಗುವ ಅತಿ ದೊಡ್ಡ ಸುಧಾರಣೆ. ಬಹಳ ಮಂದಿಗೆ ಅಲ್ಲಿಗೆ ಸಾಕು ಅನ್ನಿಸುತ್ತದೆ. ಸ್ಪ್ರಿಂಗ್, ಶಾಕ್ ಒಟ್ಟಿಗೇ ಬರುವ, ಎತ್ತರ ಸರಿಪಡಿಸಬಲ್ಲ ಕಾಯಿಲೋವರ್ ಸೆಟ್ಟಿನ ಬೆಲೆ ಸುಲಭವಾಗಿ ಅರ್ಧ ಲಕ್ಷ ದಾಟುತ್ತದೆ. ನಿತ್ಯ ಆಫೀಸಿಗೆ ಓಡುವ ಕಾರಿಗೆ ಅದರ ಅಗತ್ಯ ನನಗಂತೂ ಕಾಣುವುದಿಲ್ಲ.

ಇಷ್ಟಾದ ಮೇಲೂ ಇನ್ನಷ್ಟು ಬಿಗಿ ಬೇಕು ಅನ್ನುವವರು ಸ್ಪ್ರಿಂಗಿನ ಲೆಕ್ಕ ಸ್ವಲ್ಪ ತಿಳಿದಿರಬೇಕು. ಕಾಯಿಲ್ ಸ್ಪ್ರಿಂಗ್ ಅಂದರೆ ಸುತ್ತಿಟ್ಟ ಉಕ್ಕಿನ ಸರಳು. ಒತ್ತಿದಾಗ ಆ ಸರಳು ಒಳಗೊಳಗೇ ತಿರುಚಿಕೊಳ್ಳುತ್ತದೆ. ಅದರ ಬಿಗಿ ಸರಳಿನ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. 12 ಮಿಲಿಮೀಟರ್ ಸರಳಿನ ಬದಲು 13 ಮಿಲಿಮೀಟರ್ ಸರಳು ಬಳಸಿದರೆ, ಉಳಿದ ಅಳತೆ ಹಾಗೇ ಇದ್ದರೂ, ಬಿಗಿ ಸುಮಾರು 38 ಶೇಕಡಾ ಜಾಸ್ತಿಯಾಗುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಗುಜರಿ ಅಂಗಡಿಯಲ್ಲಿ ಉದ್ದ ಒಂದೇ ಇದೆ ಅಂತ ಬೇರೆ ಕಾರಿನ ಸ್ಪ್ರಿಂಗ್ ತಂದು ಕೂರಿಸಬಾರದು. ಒಂದೇ ಮಾಡೆಲ್ಲಿನ ಡೀಸೆಲ್ ಕಾರಿನ ಮುಂದಿನ ಸ್ಪ್ರಿಂಗನ್ನು ಪೆಟ್ರೋಲ್ ಕಾರಿಗೆ ಹಾಕುವ ರೂಢಿಯೂ ಇದೆ. ಡೀಸೆಲ್ ಎಂಜಿನ್ನಿನ ಭಾರ ಜಾಸ್ತಿ, ಅದಕ್ಕೆ ತಕ್ಕಂತೆ ಸ್ಪ್ರಿಂಗೂ ಬಿಗಿ. ಹಗುರ ಕಾರಿಗೆ ಹಾಕಿದರೆ ಮೂತಿ ಮೇಲೇಳುತ್ತದೆ, ತಿರುವಿನಲ್ಲಿ ಮುಂಭಾಗ ಹೊರಕ್ಕೆ ಜಾರುವ ಗುಣ ಹೆಚ್ಚುತ್ತದೆ.

ಇನ್ನು ಸ್ಪ್ರಿಂಗ್ ಕತ್ತರಿಸುವ ವಿಷಯ. ಗ್ರೈಂಡರ್ ಹಿಡಿದು ಒಂದು ಸುತ್ತು ತೆಗೆದರೆ ಕಾರು ಕೆಳಗಿಳಿಯುತ್ತದೆ, ಖರ್ಚೂ ಇಲ್ಲ ಅನ್ನುತ್ತಾರೆ. ದುಡಿಯುವ ಆರು ಸುತ್ತು ಐದಾದರೆ ಬಿಗಿ 20 ಶೇಕಡಾ ಏರುವುದು ನಿಜ. ಆದರೆ ತುದಿಯ ಆಕಾರ ಹೋದ ಸ್ಪ್ರಿಂಗ್ ತಟ್ಟೆಯಲ್ಲಿ ಸರಿಯಾಗಿ ಕೂರದು. ಚಕ್ರ ಪೂರ್ತಿ ಕೆಳಗೆ ಇಳಿದಾಗ ಸಡಿಲವಾಗಿ ಜಾಗ ಬಿಟ್ಟು ಸರಿಯಬಹುದು. ಗ್ಯಾಸ್ ಬೆಂಕಿಯಿಂದ ಕಾಯಿಸಿ ತಗ್ಗಿಸುವುದು ಇನ್ನೂ ಕೆಟ್ಟದ್ದು. ಆ ಬಿಸಿಗೆ ಉಕ್ಕಿನ ಹದವೇ ಹೋಗುತ್ತದೆ. ದಯವಿಟ್ಟು ಇವೆರಡನ್ನೂ ಮಾಡಿಸಬೇಡಿ. ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಅಗ್ಗಕ್ಕೆ ಸಿಗುತ್ತದೆ. ತುಂಬಿದ ಕಾರಿನ ಹಿಂಭಾಗ ಸ್ವಲ್ಪ ಎತ್ತಿ ಹಿಡಿಯುತ್ತದೆ, ಅಷ್ಟೇ. ತಿರುವಿನ ಹಿಡಿತಕ್ಕೆ ಅದನ್ನು ನಂಬಬೇಡಿ.

ಕಾರನ್ನು ಎಷ್ಟು ಇಳಿಸಬಹುದು? ನಮ್ಮ ಸಣ್ಣ ಕಾರುಗಳ ಹೊಟ್ಟೆ ನೆಲದಿಂದ ಸಾಮಾನ್ಯವಾಗಿ 160ರಿಂದ 170 ಮಿಲಿಮೀಟರ್ ಮೇಲಿರುತ್ತದೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ ಹೇಳುವ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ನಮ್ಮ ಬೀದಿಗಳಲ್ಲಿ ಅಂಥ ಅಗಲದ ಹಂಪ್ ಹುಡುಕಬೇಕು. ಗಿಡ್ಡ ಗೋಡೆ ಕಟ್ಟಿದ ಹಾಗಿರುವುದೇ ಜಾಸ್ತಿ. ಐದು ಜನ, ಸಾಮಾನು ತುಂಬಿದಾಗ ಕಾರು ಮತ್ತೂ ಕೂರುತ್ತದೆ. ಹಾಗಾಗಿ 20–25 ಮಿಲಿಮೀಟರ್ ದಾಟಿ ಇಳಿಸಬೇಡಿ. ಇಳಿಸದೆ ಬಿಗಿ ಮಾತ್ರ ಸ್ವಲ್ಪ ಹೆಚ್ಚಿರುವ ಸೆಟ್ ಸಿಕ್ಕರೆ ಇನ್ನೂ ಒಳ್ಳೆಯದು.

ಹಾಕಿಸುವಾಗ ನಾಲ್ಕೂ ಸ್ಪ್ರಿಂಗನ್ನು ಒಟ್ಟಿಗೆ ಹಾಕಿಸಿ. 1930ರ ದಶಕದಲ್ಲಿ ಅಮೆರಿಕದಲ್ಲಿ ಕ್ಯಾಡಿಲ್ಯಾಕ್ ಕಾರುಗಳ ಮೇಲೆ ದುಡಿದ ಮಾರಿಸ್ ಓಲಿ ಎಂಬ ಎಂಜಿನಿಯರ್ ಒಂದು ಸೂಕ್ಷ್ಮ ಕಂಡುಕೊಂಡರು. ಉಬ್ಬು ಮೊದಲು ಸಿಗುವುದು ಮುಂದಿನ ಚಕ್ರಕ್ಕೆ, ಆಮೇಲೆ ಹಿಂದಿನದಕ್ಕೆ. ಹಿಂಭಾಗದ ಕುಣಿತ ಮುಂಭಾಗಕ್ಕಿಂತ ತುಸು ಚುರುಕಾಗಿದ್ದರೆ, ಅದು ಬೇಗ ಮುಂಭಾಗದ ಜೊತೆ ಕೂಡಿಕೊಳ್ಳುತ್ತದೆ. ಕಾರು ಮೂತಿ ಎತ್ತಿ ಇಳಿಸಿ ತೂಗುವುದು ಕಡಿಮೆಯಾಗುತ್ತದೆ. ಬರೀ ಎರಡು ಸ್ಪ್ರಿಂಗ್ ಬದಲಿಸಿದರೆ ಈ ಲೆಕ್ಕ ತಪ್ಪುತ್ತದೆ. ಅದರಲ್ಲೂ ಹಿಂದಿನದು ಮಾತ್ರ ಗಟ್ಟಿಯಾದರೆ, ಒದ್ದೆ ತಿರುವಿನಲ್ಲಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟಾಗ ಬಾಲ ಹೊರಕ್ಕೆ ಹೊರಳಬಹುದು.

ಮನೆಯಂಗಳದಲ್ಲಿ ನೀವೇ ಬಿಚ್ಚುವ ಆಸೆ ಬೇಡ. ಮುಂದಿನ ಸ್ಟ್ರಟ್ಟಿನಲ್ಲಿ, ಅಂದರೆ ಸ್ಪ್ರಿಂಗ್ ಶಾಕ್ ಒಂದಾಗಿರುವ ಜೋಡಣೆಯಲ್ಲಿ, ಸ್ಪ್ರಿಂಗ್ ಒತ್ತಿಕೊಂಡೇ ಕೂತಿರುತ್ತದೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಒಳ್ಳೆಯ ಕಂಪ್ರೆಸರ್ ಸಾಧನ ಇಲ್ಲದೆ ಮೇಲಿನ ನಟ್ ಬಿಚ್ಚಿದರೆ ಅದು ಸಿಡಿದು ಕೈ, ಮುಖ ಒಡೆಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಟಿಗೆ ಮಿತಿ ಹಾಕುತ್ತದೆ. ಮೂಲ ಅಳತೆ ಬಿಟ್ಟು ಹೋಗುವವರು ಆರ್‌ಟಿಓದಲ್ಲಿ ವಿಚಾರಿಸಿ. ವಿಮೆ ಕಂಪನಿಗೂ ಬರಹದಲ್ಲಿ ತಿಳಿಸಿ.

ಗ್ಯಾರೇಜಿನಲ್ಲಿ ಒಂದು ಮಾತು ಮರೆಯದೆ ಹೇಳಿ. ಬುಷ್ ಬೋಲ್ಟುಗಳನ್ನು ಕೊನೆಗೆ ಬಿಗಿಯುವಾಗ ಕಾರಿನ ಭಾರ ಚಕ್ರಗಳ ಮೇಲಿರಬೇಕು. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ, ಕಾರು ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಹೊಸ ಸ್ಪ್ರಿಂಗ್ ಸ್ವಲ್ಪ ದಿನ ಓಡಿ ತನ್ನ ಎತ್ತರಕ್ಕೆ ಕೂತಮೇಲೆ ಅಲೈನ್‌ಮೆಂಟನ್ನು ಇನ್ನೊಮ್ಮೆ ನೋಡಿಸಿ. ಆಗಲೇ ಹೆಡ್‌ಲೈಟಿನ ದಿಕ್ಕನ್ನೂ ಸರಿ ಮಾಡಿಸಿ. ಮೂತಿ ತುಸು ಮೇಲೆದ್ದರೂ ಎದುರು ಬರುವವರ ಕಣ್ಣಿಗೆ ಬೆಳಕು ಹೊಡೆಯುತ್ತದೆ.

ನಮಸ್ಕಾರ.