ಎರಡು ಮೂಟೆ ಯೂರಿಯಾ ಎಲ್ಲಿಗೆ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ. ನಾಟಿ ಕೆಲಸ ಬಿಟ್ಟು ಬಂದಿದ್ದೀರಿ, ಬೇಗ ಮುಗಿಸುತ್ತೇನೆ.

ಬೆಳಿಗ್ಗೆ ಕೊಟ್ಟಿಗೆಗೆ ಕಾಲಿಟ್ಟರೆ ಗಂಜಲದ ಘಾಟು ಮೂಗಿಗೆ ಹೊಡೆಯುತ್ತದೆ, ಅಲ್ವಾ? ಅದು ಅಮೋನಿಯಾ. ಭತ್ತದ ಗದ್ದೆಯ ನಿಂತ ನೀರಿಗೆ ಎರಚಿದ ಯೂರಿಯಾದಲ್ಲೂ ಒಂದು ಪಾಲು ಹೀಗೇ ಹಾರಿಹೋಗುತ್ತದೆ. ಬಯಲಾದ್ದರಿಂದ ವಾಸನೆ ತಿಳಿಯುವುದಿಲ್ಲ, ಅಷ್ಟೇ. ಗದ್ದೆ ನೀರಿನ ಪಾಚಿ ಬಿಸಿಲಿಗೆ ಇಂಗಾಲದ ಡೈಆಕ್ಸೈಡ್ ಹೀರುತ್ತದೆ. ಅದು ಕಮ್ಮಿಯಾದಂತೆ ನೀರಿನ ಹುಳಿ ತಗ್ಗಿ ಕ್ಷಾರ ಏರುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 9 ದಾಟುವುದೂ ಉಂಟು. ನೀರು ಹಾಗೆ ಕ್ಷಾರವಾದಷ್ಟೂ ಅಮೋನಿಯಾ ಹಾರುವುದು ಜಾಸ್ತಿ.

ಇನ್ನೊಂದು ಸೋರಿಕೆ ಕೆಸರಿನೊಳಗೆ. ಒಂದು ಹಿಡಿ ಕೆಸರನ್ನು ಕಲಕದೆ ಎತ್ತಿ, ಸೀಳಿ ನೋಡಿ. ಮೇಲೆ ದೋಸೆಯಷ್ಟು ತೆಳುವಾದ ಕಂದು ಪದರ. ಅದರ ಕೆಳಗೆಲ್ಲ ಕಪ್ಪು. ಕಂದಿನಲ್ಲಿ ಆಮ್ಲಜನಕ ಇದೆ, ಕಪ್ಪಿನಲ್ಲಿ ಇಲ್ಲ. ಮೇಲೆ ಉಳಿದ ಗೊಬ್ಬರ ನೈಟ್ರೇಟ್ ಆಗುತ್ತದೆ, ನೀರಿನ ಜೊತೆ ಕೆಳಗಿಳಿಯುತ್ತದೆ. ಅಲ್ಲಿನ ಸೂಕ್ಷ್ಮಾಣುಗಳು ಅದನ್ನು ಮತ್ತೆ ಗಾಳಿ ಮಾಡಿಬಿಡುತ್ತವೆ. ಹಾಕಿದ್ದರಲ್ಲಿ ಪೈರಿಗೆ ದಕ್ಕುವುದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಅದೇ ಗೊಬ್ಬರ ಕಪ್ಪು ಕೆಸರಿಗೆ ಸೇರಿದರೆ ಅಮೋನಿಯಂ ಆಗಿ ಜೇಡಿಗೆ ಅಂಟಿಕೊಂಡು ಕೂರುತ್ತದೆ. ಅದಕ್ಕೇ ಮೊದಲ ಕಂತನ್ನು ಕೊನೆಯ ಉಳುಮೆಯಲ್ಲಿ ಕೆಸರಿಗೆ ಬೆರೆಸಿ ಅನ್ನುವುದು.

ಲೆಕ್ಕ ಸುಲಭ. ಹೆಕ್ಟೇರಿಗೆ 100 ಕೆಜಿ ಸಾರಜನಕ ಅಂದರೆ ಎಕರೆಗೆ 40. ಯೂರಿಯಾದಲ್ಲಿ ಸಾರಜನಕ ಶೇ. 46. 45 ಕೆಜಿಯ ಎರಡು ಮೂಟೆಗೆ ಸರಿಹೋಯಿತು. ಸಾರಜನಕದ ಜೊತೆ ರಂಜಕವೂ ಇರುವ ಡಿಎಪಿ ಗೊಬ್ಬರ ಹಾಕಿದ್ದರೆ ಅದರ 50 ಕೆಜಿ ಮೂಟೆಯಲ್ಲಿ 9 ಕೆಜಿ ಸಾರಜನಕ ಇದೆ, ಕಳೆಯಿರಿ. ಕಳೆಯುವವರನ್ನು ನಾನು ನೋಡಿದ್ದು ಕಡಿಮೆ.

ನಾನೇನು ಕಮ್ಮಿ ಇಲ್ಲ. ಒಂದು ವರ್ಷ ಪಕ್ಕದ ಗದ್ದೆಯ ಹಸಿರು ನೋಡಿ ಹೊಟ್ಟೆ ಉರಿದು ಇನ್ನೊಂದು ಮೂಟೆ ಸುರಿದೆ. ಪೈರು ಕಪ್ಪಗೆ ಎದ್ದಿತು. ಆಮೇಲೆ ಎಲೆ ಸುಟ್ಟಂತಾಗುವ ಬೆಂಕಿ ರೋಗ ಬಂತು, ಉಳಿದದ್ದು ಮಳೆಗೆ ಮಲಗಿತು. ಈಗ ಎಲೆ ಬಣ್ಣದ ಪಟ್ಟಿ ಜೇಬಿನಲ್ಲಿರುತ್ತದೆ. ತಿಳಿ ಹಸಿರಿನಿಂದ ಕಡು ಹಸಿರಿನವರೆಗೆ ಬಣ್ಣ ಇರುವ ಪಟ್ಟಿ ಅದು, ಎಲೆಯನ್ನು ಹೋಲಿಸಿ ನೋಡುವುದಕ್ಕೆ. ನಾಟಿಯಾಗಿ ಎರಡು ವಾರಕ್ಕೆ ಶುರು ಮಾಡಿ. ಪೈರಿನ ಹತ್ತು ಗುಡ್ಡೆ (ಬುಡ) ಆರಿಸಿ, ಪೂರ್ತಿ ಬಿಚ್ಚಿದ ಹೊಸ ಎಲೆಯ ನಡುಭಾಗವನ್ನು ಪಟ್ಟಿಗೆ ಹಿಡಿಯಿರಿ. ಬಿಸಿಲಿಗೆ ಬೆನ್ನು ಮಾಡಿ, ಎಲೆ ಮೇಲೆ ನಿಮ್ಮ ನೆರಳು ಬೀಳಲಿ. ಹತ್ತರಲ್ಲಿ ಆರು ಎಲೆಯಾದರೂ, ಪಟ್ಟಿಯಲ್ಲಿ ನಿಮ್ಮ ತಳಿಗೆ ಹೇಳಿದ ಬಣ್ಣಕ್ಕಿಂತ ತಿಳಿಯಾಗಿದ್ದರೆ ಮಾತ್ರ ಗೊಬ್ಬರ. ಇಲ್ಲದಿದ್ದರೆ ಸುಮ್ನೆ ಮನೆಗೆ ಹೋಗಿ, ವಾರ ಬಿಟ್ಟು ಬನ್ನಿ. ತೆಂಡೆ (ಬುಡದ ಮರಿಪೈರು) ಒಡೆಯುವಾಗ, ತೆನೆ ಒಳಗೇ ಮೊಳೆಯುವಾಗ ತಪ್ಪಿಸದೆ ನೋಡಿ.

ಮೇಲುಗೊಬ್ಬರಕ್ಕೆ, ಅಂದರೆ ನಾಟಿಯಾದ ಮೇಲಿನ ಕಂತುಗಳಿಗೆ, ನೀರು ಬಸಿಯಿರಿ ಅಂದರೆ ನಾಲೆಯ ಕೊನೆಯವರು ಸಿಟ್ಟಾಗುತ್ತಾರೆ. ನ್ಯಾಯವೇ. ಸರದಿ ಮೇಲೆ ಕಟ್ಟು ನೀರು ಬಿಡುವ ಕಡೆ ಬಸಿದ ನೀರನ್ನು ಮತ್ತೆ ಯಾರು ಕೊಡುತ್ತಾರೆ? ಬಸಿಯಬೇಡಿ. ಗದ್ದೆಗೆ ನೀರು ಬರುವ ಮಡೆ ಮುಚ್ಚಿ, ನೀರು ತಾನೇ ಇಂಗಲಿ. ನಿಮ್ಮ ಸರದಿ ನಾಳೆ ಅನ್ನುವಾಗ, ಹೆಜ್ಜೆ ಗುರುತು ಮೂಡುವ ಕೆಸರಿಗೆ ಯೂರಿಯಾ ಎರಚಿ. ಮರುದಿನ ಬರುವ ನೀರೇ ಅದನ್ನು ಒಳಕ್ಕೆ ಇಳಿಸುತ್ತದೆ.